ಪಾಠ ಯೋಜನೆಯ ಕೊನೇ ಕಾಲಂ

ಮೇಷ್ಟ್ರಾದವರಿಗೆಲ್ಲ ಗೊತ್ತು, ಪಾಠ ಯೋಜನೆಯ ಕೊನೆಯಲ್ಲಿ 'ಶಿಕ್ಷಕರ ಸ್ವ-ಅವಲೋಕನ' ಅಂತ ಒಂದು ಕಾಲಂ ಇರುತ್ತದೆ. 12 ವರ್ಷ ನಾನು ಅದರಲ್ಲಿ ಬರೆದದ್ದು ಒಂದೇ ಸಾಲು: 'ಮಕ್ಕಳು ನಿರೀಕ್ಷಿತ ಮಟ್ಟದಲ್ಲಿ ಕಲಿತಿದ್ದಾರೆ.' ಕೆಲವು ಸಲ ಪಾಠ ಮಾಡುವ ಮೊದಲೇ ಬರೆದಿಟ್ಟಿದ್ದೂ ಉಂಟು. ನಗಬೇಡಿ, ನೀವೂ ಬರೆದಿರುತ್ತೀರಿ.

ಚಳ್ಳಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋದ ವರ್ಷ ಒಂದು ದಿನ ಮೊಬೈಲನ್ನು ಮೇಜಿನ ಮೇಲಿಟ್ಟು ನನ್ನದೇ ಪೀರಿಯಡ್ ರೆಕಾರ್ಡ್ ಮಾಡಿದೆ. ರಾತ್ರಿ ಊಟ ಆದಮೇಲೆ ಕೇಳಿದರೆ ನಾಚಿಕೆಯಾಯಿತು. ಪ್ರಶ್ನೆ ಕೇಳೋನೂ ನಾನೇ, ಉತ್ತರ ಹೇಳೋನೂ ನಾನೇ. 'ಗೊತ್ತಾಯ್ತಾ?' ಅಂತ 23 ಸಲ ಕೇಳಿದ್ದೆ. ಅಷ್ಟಕ್ಕೂ 'ಹ್ಞೂ ಸಾರ್' ಅಂತ ಒಂದೇ ರಾಗ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬುವವರು 1970ರ ದಶಕದಲ್ಲೇ ತರಗತಿಗಳ ಟೇಪ್ ಕೇಳಿ ಕೇಳಿ ಇದನ್ನು ಅಳೆದಿದ್ದರು. ಪ್ರಶ್ನೆ ಹಾಕಿದ ಮೇಲೆ ಶಿಕ್ಷಕರು ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಾರಂತೆ. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಅವರೇ ಪ್ರಶ್ನೆ ಕೇಳೋದೂ ಜಾಸ್ತಿಯಾಗುತ್ತದೆ. 3 ಸೆಕೆಂಡ್ ಏನ್ಮಹಾ ಅಂತೀರಾ? ಬೋರ್ಡ್ ಮುಂದೆ ಸುಮ್ನೆ ನಿಂತು ನೋಡಿ. ನಾಲಿಗೆ ತುರಿಸುತ್ತದೆ.

ಮಾರನೇ ದಿನ ಮಕ್ಕಳಿಗೆ ಹೇಳಿದೆ, 'ನಿನ್ನೆ ನಾನು ಪಾಠ ಸರಿ ಮಾಡಲಿಲ್ಲ ಕಣ್ರೋ.' ಮುಖ ಮುಖ ನೋಡಿಕೊಂಡರು. ಅವತ್ತಿನಿಂದ ಕೊನೆಯ 5 ನಿಮಿಷ ಚೀಟಿ ಬರೆಸತೊಡಗಿದೆ. ಹೆಸರು ಬೇಡ, ಎಲ್ಲಿ ತಡವರಿಸಿದಿರಿ ಅಷ್ಟು ಸಾಕು. ಮೊದಲ ವಾರ ಬಂದದ್ದು 'ಎಲ್ಲಾ ಅರ್ಥ ಆಯ್ತು', 'ಸೂಪರ್ ಸಾರ್'. ಅವರೂ ಕಾಲಂ ತುಂಬುತ್ತಿದ್ದರು! ಯಾರಿಂದ ಕಲಿತರು ಅಂತ ಬೇರೆ ಹೇಳಬೇಕಾ?

ಹಾಗಾಗಿ ನನ್ನ ಚೀಟಿಯನ್ನೇ ಮೊದಲು ಬೋರ್ಡಿನ ಮೂಲೆಯಲ್ಲಿ ಬರೆಯತೊಡಗಿದೆ. 'ಇವತ್ತು ಎರಡನೇ ಲೆಕ್ಕ ಅವಸರದಲ್ಲಿ ಓಡಿಸಿದೆ.' ಹೀಗೇ ಹತ್ತು ದಿನ ಆದಮೇಲೆ ಒಂದು ಚೀಟಿ ಬಂತು. ಸಮಾಂತರ ಶ್ರೇಢಿಯ ಪಾಠ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು; ಅದರ ಎನ್‌ನೇ ಪದ ಹುಡುಕೋಕೆ ಒಂದು ಸೂತ್ರ ಇದೆ. 'ಸೂತ್ರದಲ್ಲಿ ಎನ್ ಮೈನಸ್ ಒಂದು ಯಾಕೆ? ಬರೀ ಎನ್ ಯಾಕಲ್ಲ?'

ಆ ಸೂತ್ರ ಎಷ್ಟು ವರ್ಷದಿಂದ ಬರೆದಿದ್ದೀನೋ, ಈ 'ಯಾಕೆ' ಒಂದು ದಿನವೂ ಹೇಳಿರಲಿಲ್ಲ. ಚೀಟಿ ಗಟ್ಟಿಯಾಗಿ ಓದಿ ಬಾಯಿ ಮುಚ್ಚಿಕೊಂಡು ನಿಂತೆ. ವರ್ಷವಿಡೀ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದಳು. 'ಸಾರ್, ನಮ್ಮ ಶೇಂಗಾ ಹೊಲದ ಬೇಲಿಗೆ ಸಾಲಾಗಿ ಹತ್ತು ಕಲ್ಲು ನೆಟ್ಟರೆ ಮಧ್ಯೆ ಒಂಬತ್ತೇ ಸಂದು. ಹಂಗೇ ಅಲ್ವಾ?'

ಹಂಗೇ. 20ನೇ ಪದ ಬೇಕಂದ್ರೆ ಮೊದಲನೇದರಿಂದ 19 ಸಲ ಹಾರಬೇಕು. ಆಮೇಲೆ ನಾನು ಬೋರ್ಡ್ ಕಡೆ ತಿರುಗೋದರೊಳಗೆ 'ಎಷ್ಟು ಸಂದು?' ಅಂತ ಅವರವರೇ ಕೇಳಿಕೊಳ್ಳತೊಡಗಿದರು. ಈಗ ಎಫ್‌ಎ (ವರ್ಷದ ನಡುವಿನ ಕಿರು ಪರೀಕ್ಷೆ) ಪೇಪರಿಗೆ ನಾನು ಅಂಕ ಹಾಕುವ ಮೊದಲು ಅವರೇ ಗುರುತು ಹಾಕುತ್ತಾರೆ: ಗೊತ್ತಿದ್ದೂ ತಪ್ಪಿದ್ದು ಯಾವುದು, ಗೊತ್ತೇ ಇಲ್ಲದ್ದು ಯಾವುದು. ಎರಡನೇ ಗುಂಪಿಗೆ ಮಾತ್ರ ನಾನು ಬೇಕು. ಮೊದಲನೇದು ಅವರೇ ನೋಡಿಕೊಳ್ಳುತ್ತಾರೆ.

'ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಪೇಪರ್, ಇದಕ್ಕೆಲ್ಲ ಟೈಮ್ ಎಲ್ಲಿದೆ' ಅಂತ ಸ್ನೇಹಿತರು ಕೇಳ್ತಾರೆ. ನಿಜ, ಜನವರಿ ಬಂತೆಂದರೆ ನಾನೂ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೆಗಳ ಕಟ್ಟು, ಹಿಡಿಯುತ್ತೇನೆ, ಸುಳ್ಳು ಹೇಳಲ್ಲ. ಆದರೆ ಪ್ಯಾಕೇಜ್ ಕೈಗೆ ಕೊಟ್ಟು ಕಳಿಸಿದ ಹುಡುಗ ಪಿಯುಸಿಯಲ್ಲಿ ಹೊಸ ಲೆಕ್ಕ ಕಂಡಾಗ ಯಾರ ಕಡೆ ನೋಡಬೇಕು? ನನ್ನ ಭಯ ಬೇರೆಯೇ ಇದೆ. ಈ ಚೀಟಿಗೂ ಯಾರಾದರೂ ಒಂದು ನಮೂನೆ, ಒಂದು ರಿಜಿಸ್ಟರ್, ಒಂದು ಆನ್‌ಲೈನ್ ಎಂಟ್ರಿ ಮಾಡಿಬಿಟ್ಟರೆ ಅವತ್ತಿಗೆ ಇದರ ಕಥೆ ಮುಗಿಯಿತು. ಮತ್ತೆ ಎಲ್ಲರೂ 'ನಿರೀಕ್ಷಿತ ಮಟ್ಟ'ಕ್ಕೇ ಬರುತ್ತೇವೆ.

ಮೊನ್ನೆ ಆ ಕಾಲಂನಲ್ಲಿ ಬರೆದೆ: 'ಹಿಂದಿನ ಬೆಂಚಿನ ನಾಲ್ವರನ್ನು ಇವತ್ತೂ ಮಾತಾಡಿಸಲಿಲ್ಲ.' ಎಚ್‌ಎಂ ಓದಿ ಪೆನ್ ಹಿಡಿದುಕೊಂಡೇ ಕೂತರು. 'ಇನ್‌ಸ್ಪೆಕ್ಷನ್‌ಗೆ ಬಂದವರು ಏನಂದ್ಕೋತಾರೆ ಸಾರ್?' ಅಂದರು. ನಾನು ಸುಮ್ನೆ ನಿಂತೆ, ಮೂರು ಸೆಕೆಂಡ್. ಸಹಿ ಹಾಕಿಕೊಟ್ಟರು.