ವಿಶಲ್ ಊದಿದ ಮೇಲೂ ಹಿಡಿದ ಕಾಲು

ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಹುಡುಗರು ಅಂದ್ರೆ ಜಗಳಗಂಟರು ಅಂತ ಹಾಸ್ಟೆಲ್ ವಾರ್ಡನ್‌ನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರೂ ಹೇಳುತ್ತಾರೆ. ನಾನೂ ಅದೇ ಕೋರ್ಸ್ ಮಾಡಿದವನು, ಈಗ ಅಂಥ ಹುಡುಗರಿಗೇ ಕಬಡ್ಡಿ ಕಲಿಸುತ್ತೇನೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ತಪ್ಪು ಯಾರದು ಅನ್ನೋದರಲ್ಲಿ ನನ್ನ ತಕರಾರಿದೆ.

ಹೋದ ವರ್ಷದ ಒಂದು ಮ್ಯಾಚ್. ನಮ್ಮ ಅಂಕಣಕ್ಕೆ ನುಗ್ಗಿದ ಎದುರು ತಂಡದ ರೈಡರ್ ಬೋನಸ್ ಪಾಯಿಂಟ್‌ಗೆ ಗೆರೆಯಾಚೆ ಕಾಲು ಚಾಚಿದ. ಮೂಲೆ ಕಾಯೋ ನಮ್ಮ ಕಾರ್ನರ್ ಹುಡುಗ ಅವನ ಆಂಕಲ್ (ಪಾದದ ಕೀಲು) ಹಿಡಿದ. ಚೆಂದದ ಹಿಡಿತ. ವಿಶಲ್ ಆಯ್ತು, ಪಾಯಿಂಟ್ ನಮ್ಮದಾಯ್ತು. ಇವನು ಮಾತ್ರ ಕಾಲು ಬಿಡಲಿಲ್ಲ. ಹಿಡಿದೇ ಒಂದು ಸಲ ತಿರುಚಿದ. ಆ ರೈಡರ್ ಮ್ಯಾಟ್ ಮೇಲೆ ಅಂಗೈ ಬಡಿದುಕೊಂಡು ಕಿರುಚಿದ. ಅಂಪೈರ್ ಹಳದಿ ಕಾರ್ಡ್ ತೋರಿಸಿದರು, ಇವನು 2 ನಿಮಿಷ ಹೊರಗೆ.

ವಿಶಲ್‌ವರೆಗೆ ಅದು ಆಟ. ಆಮೇಲಿನ ಆ ಒಂದು ಕ್ಷಣ ಬೇರೆಯೇ. ಗೆಲ್ಲೋಕೆ ಮೈಮೇಲೆ ಬೀಳೋದು ಒಂದು, ನೋಯಿಸೋಕೇ ಬೀಳೋದು ಇನ್ನೊಂದು ಅಂತ ಕ್ರೀಡಾ ಮನಶ್ಶಾಸ್ತ್ರದ ಪೇಪರ್‌ನಲ್ಲಿ ನಾವೆಲ್ಲ ಬರೆದು ಪಾಸಾದವರೇ, ಅಲ್ವಾ?

ಹುಡುಗನನ್ನು ಬೈಯೋಕೆ ಕರೆದೆ. 'ಸರ್, ಬಿಡಬೇಡ ಬಿಡಬೇಡ ಅಂತ ನೀವೇ ಕೂಗ್ತಿದ್ರಲ್ಲ' ಅಂದ. ಹೌದು, ಕೂಗಿದ್ದೆ. ವಿಶಲ್ ಆದ ಮೇಲೂ ಕೂಗ್ತಾನೇ ಇದ್ದೆ.

'ಕೋಪ ಇದ್ರೆ ಗ್ರೌಂಡ್‌ನಲ್ಲಿ ತೀರಿಸ್ಕೋ' ಅನ್ನೋ ಇನ್ನೊಂದು ಮಾತಿದೆ ನಮ್ಮಲ್ಲಿ. ಅಮೆರಿಕದಲ್ಲಿ ಬ್ರಾಡ್ ಬುಶ್‌ಮನ್ ಅನ್ನುವವರು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಸಿಟ್ಟು ಬರಿಸಿದವನನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಸುಮ್ನೆ ಕೂತವರೇ ಅವರಿಗಿಂತ ತಣ್ಣಗಿದ್ದರು! ನಾವಾದರೋ ಮನೆಯಲ್ಲಿ ಬೈಸಿಕೊಂಡು ಬಂದ ಹುಡುಗನಿಗೆ 'ತೋರಿಸು ನಿನ್ನ ಸಿಟ್ಟು' ಅಂತ ಬೆನ್ನು ತಟ್ಟಿ ಕಳಿಸುತ್ತೇವೆ.

ಸಿಟ್ಟು, ಆಕ್ರಮಣಶೀಲತೆ ಅಳೆಯೋಕೆ ಆರ್ನಾಲ್ಡ್ ಬಸ್ ಮತ್ತು ಮಾರ್ಕ್ ಪೆರಿ ಅನ್ನುವವರು 1992ರಲ್ಲಿ ಮಾಡಿದ 29 ಪ್ರಶ್ನೆಗಳ ಪಟ್ಟಿಯೂ ಇದೆ. ಅದನ್ನು ಹುಡುಗರ ಕೈಗೆ ಕೊಟ್ಟು ಅಂಕ ಕೂಡಿಸ್ತಾರೆ. ಕೋಚ್‌ಗಳಿಗೂ ಒಂದು ಪ್ರತಿ ಕೊಡಿ ಅಂತೀನಿ ನಾನು.

ಈಗ ಪ್ರಾಕ್ಟೀಸ್‌ನಲ್ಲಿ ಹೊಸ ನಿಯಮ ಮಾಡಿದ್ದೇನೆ. ವಿಶಲ್ ಆದ ಮೇಲೂ ಹಿಡಿದಿದ್ರೆ ಪಾಯಿಂಟ್ ಎದುರಿನವರಿಗೆ. ಹೊರಗೆ ನಿಂತು ನಾನು ಕೂಗಾಡಿದ್ರೆ 2 ಪಾಯಿಂಟ್. ನಿನ್ನೆ ಒಂದು ತಂಡ 4 ಪಾಯಿಂಟ್‌ನಿಂದ ಸೋತಿತು. ನಾಲ್ಕೂ ನನ್ನ ಬಾಯಿಂದ ಹೋದದ್ದು. ಹುಡುಗರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ.