ಎಡಗೆನ್ನೆ ಹಳೇದು, ಬಲಗೆನ್ನೆ ಹೊಸದು

ಚೆನ್ನಾಗಿರುವುದನ್ನು ಸುಮ್ನೆ ಹಾಗೇ ಬಿಟ್ಟುಬಿಡೋಕೆ ಈ ಕಂಪನಿಗಳಿಗೆ ಏನು ಕಷ್ಟವೋ! ಸೋಪಾಯಿತು, ಬಿಸ್ಕತ್ತಾಯಿತು, ಈಗ ನನ್ನ ಫೌಂಡೇಶನ್ನಿಗೂ ಕೈ ಹಾಕಿದ್ದಾರೆ. ವರ್ಷಗಟ್ಟಲೆ ಹಚ್ಚಿಕೊಂಡು ಬಂದಿದ್ದು ಮುಗಿಯುತ್ತಾ ಬಂತು ಅಂತ ಹೊಸದು ತರಿಸಿದರೆ, ಡಬ್ಬದ ಮೂಲೆಯಲ್ಲಿ ಚಿನ್ನದ ಬಣ್ಣದ ಒಂದು ಬಿಲ್ಲೆ. ‘ಹೊಸ ಸುಧಾರಿತ ಫಾರ್ಮುಲಾ, ಈಗ ಎಸ್‌ಪಿಎಫ್ 30 ಜೊತೆಗೆ!’ ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅನ್ನುವ ಲೆಕ್ಕವಂತೆ ಈ ಎಸ್‌ಪಿಎಫ್. ಯಾರು ಕೇಳಿದ್ದರು? ನಾನಂತೂ ಕೇಳಿರಲಿಲ್ಲ.

ಶೇಡ್ ನಂಬರ್ ಅದೇ, ಹೆಸರೂ ಅದೇ. ಬೆಲೆ ಮಾತ್ರ ಜಾಸ್ತಿ. 30 ಮಿಲಿ ಇದ್ದದ್ದು 27 ಆಗಿದೆ. ಬಾಟಲಿಯ ತಳಕ್ಕೆ ದಪ್ಪ ಗಾಜು ಕೊಟ್ಟು ಎತ್ತರ ಅಷ್ಟೇ ಉಳಿಸಿಕೊಂಡಿದ್ದಾರೆ. ಸುಧಾರಣೆ ಅಂದರೆ ಇದೂ ಸೇರಿರಬೇಕು.

ಬೆಳಗಿನ ಹೊತ್ತು ನಮಗೆಲ್ಲ ಎಷ್ಟು ಪುರುಸೊತ್ತು ಇರುತ್ತದೆ ಹೇಳಿ. ಒಂದು ಕಡೆ ಕುಕ್ಕರ್ ಕೂಗುತ್ತಿರುತ್ತದೆ, ಇನ್ನೊಂದು ಕಡೆ ಮಗ ಒಂದೇ ಸಾಕ್ಸ್ ಹಿಡಿದುಕೊಂಡು ನಿಂತಿರುತ್ತಾನೆ. ಆ ಗಲಾಟೆ ಮಧ್ಯೆ ಹಳೇ ಫೌಂಡೇಶನ್ನನ್ನು ಕಣ್ಣು ಮುಚ್ಚಿಕೊಂಡು ಹಚ್ಚಬಹುದಿತ್ತು. ಆಫೀಸು ತಲುಪುವಷ್ಟರಲ್ಲಿ ಅರ್ಧ ಹೆಲ್ಮೆಟ್ಟಿನ ಸ್ಪಂಜಿಗೆ ಹೋಗಿರುತ್ತಿತ್ತು, ನಿಜ. ಆದರೆ ಉಳಿದರ್ಧ ಮುಖದ ಮೇಲಿದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸದು ಹಾಗಲ್ಲ. ಬೆರಳಿಂದ ಮುಖಕ್ಕೆ ಹೋಗುವುದರೊಳಗೇ ಒಣಗುತ್ತದೆ. ಮೂಗಿನ ಪಕ್ಕದ ಗೆರೆಯಲ್ಲಿ ಹೋಗಿ ಕೂತುಕೊಂಡು, ಗೆರೆ ಇಲ್ಲೇ ಇದೆ ನೋಡಿ ಅಂತ ಊರಿಗೆಲ್ಲ ತೋರಿಸುತ್ತದೆ. ಹುಬ್ಬಿಗೆ ಅಂಟಿಕೊಂಡು ನರೆ ಬರಿಸುತ್ತದೆ. ಇಷ್ಟೆಲ್ಲ ಮಾಡಿ ಬಣ್ಣವೇನು? ಬೂದಿ. ಆಫೀಸಿನ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಒಬ್ಬರದು, ಕತ್ತು ಇನ್ನೊಬ್ಬರದು.

ಮಾಲ್‌ನಲ್ಲಿರುವ ಕೌಂಟರಿಗೆ ಹೋಗಿ ಕೇಳಿದೆ. ಅಲ್ಲಿಯ ಹುಡುಗಿ ನನ್ನ ಮುಂಗೈಗೆ ಒಂದು ಹನಿ ಹಾಕಿ ಉಜ್ಜಿ, ‘ಪರ್ಫೆಕ್ಟ್ ಮ್ಯಾಮ್’ ಅಂದಳು. ಇದು ಕೈಯಮ್ಮಾ, ಮುಖ ಮೇಲಿದೆ. ‘ಬೆಳ್ಳಗೆ ಕಾಣುತ್ತಲ್ಲ?’ ಅಂದೆ. ‘ಸೆಟಲ್ ಆಗುತ್ತೆ ಮ್ಯಾಮ್.’ ‘ಒಣಗಿ ಬಿರಿಯುತ್ತಲ್ಲ?’ ‘ಅದೂ ಸೆಟಲ್ ಆಗುತ್ತೆ ಮ್ಯಾಮ್.’ ಕೊನೆಗೆ, ಒಂದು ಶೇಡ್ ಡಾರ್ಕ್ ಇರೋದು ತಗೊಂಡು ಇದರ ಜೊತೆ ಮಿಕ್ಸ್ ಮಾಡಿ ಅಂದಳು. ಅಂದರೆ ಒಂದು ಮುಖಕ್ಕೆ ಎರಡು ಬಾಟಲಿ. ಈ ಹುಡುಗಿ ಜೀವನದಲ್ಲಿ ಮುಂದೆ ಬರುತ್ತಾಳೆ.

ಹಾಗಾದರೆ ಒಂದು ಕೈ ನೋಡೇ ಬಿಡೋಣ ಅಂತ ಮೊನ್ನೆ ಶುಕ್ರವಾರ, ಮನೆಯಿಂದಲೇ ಕೆಲಸ ಇದ್ದ ದಿನ, ಪರೀಕ್ಷೆಗೆ ಕೂತೆ. ಹಳೇ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿಟ್ಟು, ಇಯರ್‌ಬಡ್ ಹಾಕಿ ಕೆರೆದು, ಬಂದಷ್ಟನ್ನು ಎಡಗೆನ್ನೆಗೆ ಹಚ್ಚಿದೆ. ಬಲಗೆನ್ನೆಗೆ ಹೊಸದು. ಮಧ್ಯೆ ಮೂಗೇ ಗಡಿ. ಬಾಲ್ಕನಿ ಬೆಳಕಿನಲ್ಲಿ ಫೋಟೋ ತೆಗೆಯೋಣ ಅಂತ ಫೋನ್ ಹುಡುಕುತ್ತಿದ್ದೆ, ಬೆಲ್ ಆಯಿತು.

ಎದುರುಮನೆ ಆಂಟಿ. ಶ್ರಾವಣ ಶುಕ್ರವಾರ, ಅರಿಶಿನ ಕುಂಕುಮಕ್ಕೆ ಕರೆಯಲು ಬಂದಿದ್ದರು. ಮುಖ ತೊಳ್ಕೊಂಡು ಬರ್ತೀನಿ ಆಂಟಿ ಅಂದರೆ ಕೇಳಬೇಕಲ್ಲ. ‘ಲಕ್ಷ್ಮಿ ಇದ್ದಂಗಿದ್ದೀಯ, ಬಾ’ ಅಂತ ಕೈ ಹಿಡಿದು ಎಳೆದುಕೊಂಡೇ ಹೋದರು. ಕತ್ತಲ ಪ್ಯಾಸೇಜಿನಲ್ಲಿ ಲಕ್ಷ್ಮಿ. ಅವರ ಮನೆಯ ಟ್ಯೂಬ್‌ಲೈಟ್ ಕೆಳಗೆ ಕೂತ ಮೇಲೆ ಶುರುವಾಯಿತು.

ಈ ಆಂಟಿಗೆ ಒಂದು ಅಭ್ಯಾಸ ಇದೆ. ಯಾರ ಮುಖ ನೋಡಿದರೂ ಕಾಯಿಲೆ ಹೇಳುತ್ತಾರೆ. ವಾಚ್‌ಮನ್ನಿಗೆ ಥೈರಾಯ್ಡ್, ಮೂರನೇ ಮಹಡಿಯ ಲೆಕ್ಚರರಿಗೆ ಬಿ12 ಕಮ್ಮಿ, ಕೊರಿಯರ್ ಹುಡುಗನಿಗೆ ಹೊಟ್ಟೆಯಲ್ಲಿ ಹುಳ. ಇಡೀ ಅಪಾರ್ಟ್‌ಮೆಂಟಿನಲ್ಲಿ ಯಾವ ಕಾಯಿಲೆಯೂ ಅಂಟದೆ ಉಳಿದಿದ್ದವಳು ನಾನೊಬ್ಬಳೇ. ಅವರಿಗೂ ಅದೊಂದು ಕೊರಗಿತ್ತು ಅನಿಸುತ್ತದೆ.

ನನ್ನ ಗಲ್ಲ ಹಿಡಿದು ಬಲಕ್ಕೆ ತಿರುಗಿಸಿದರು. ಎಡಕ್ಕೆ ತಿರುಗಿಸಿದರು. ಮತ್ತೆ ಬಲಕ್ಕೆ. ಕನ್ನಡಕ ಹಾಕಿಕೊಂಡು ಇನ್ನೊಂದು ಸುತ್ತು.

‘ರಕ್ತ ಕಮ್ಮಿ ಕಣಮ್ಮ ನಿಂಗೆ.’

‘ಇಲ್ಲ ಆಂಟಿ, ಇದು ಫೌಂಡೇಶನ್ನು. ಒಂದು ಕಡೆ ಹಳೇದು, ಒಂದು ಕಡೆ…’

‘ಅದೇ ಹೇಳ್ತಿರೋದು, ಒಂದೇ ಕಡೆ ಕಮ್ಮಿ. ಬಲಗಡೆ ಮಲ್ಕೊಳ್ತೀಯಾ?’

ಮಲಗುತ್ತೇನೆ. ನಿಜ ಹೇಳಿ ಕೆಟ್ಟೆ. ಅಲ್ಲಿ ಕೂತಿದ್ದ ಹೆಂಗಸರೆಲ್ಲ ಕೋಸಂಬರಿ ಬಿಟ್ಟು ನನ್ನ ಕೆನ್ನೆ ನೋಡತೊಡಗಿದರು. ಒಬ್ಬರು ಎಡಗಡೆಯೇ ಚೆನ್ನಾಗಿದೆ ಅಂದರು. ಅಷ್ಟು ಹೊತ್ತಿನಲ್ಲಿ ನನ್ನ ಪರೀಕ್ಷೆಯ ಉದ್ದೇಶಕ್ಕೆ ಹತ್ತಿರ ಬಂದ ಮಾತು ಅದೊಂದೇ. ಅಷ್ಟರಲ್ಲಿ ಆಂಟಿ ಅರಿಶಿನದ ಬಟ್ಟಲು ತಂದು ಎರಡೂ ಕೆನ್ನೆಗೆ ಸವರಿದರು. ಎಡಗಡೆ ಅದು ಅರಿಶಿನದ ಹಾಗೇ ಕಂಡಿತು. ಬಲಗಡೆಯ ಬೂದಿಯ ಮೇಲೆ ಬಿದ್ದದ್ದು ತಿಳಿ ಹಸಿರಿಗೆ ತಿರುಗಿಕೊಂಡಿತು.

‘ಅಯ್ಯೋ ದೇವ್ರೇ, ಕಾಮಾಲೆ!’

‘ನೀವೇ ತಾನೇ ಆಂಟಿ ಈಗ ಅರಿಶಿನ ಹಚ್ಚಿದ್ದು?’

‘ಹಚ್ಚಿದ್ದು ಎರಡು ಕಡೆಗೂ ಅಲ್ವಾ? ಒಂದೇ ಕಡೆ ಯಾಕೆ ಹಿಂಗಾಯ್ತು?’

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಎಲೆ ಅಡಿಕೆ, ಬ್ಲೌಸ್ ಪೀಸು, ಕಾಮಾಲೆ ಎಲ್ಲ ತಗೊಂಡು ಮನೆಗೆ ಬಂದೆ.

ಆ ಸಿಟ್ಟಿನಲ್ಲೇ ಎರಡೂ ಬಾಟಲಿಗಳ ಹಿಂಬದಿಯನ್ನು ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆ. ಬಣ್ಣದ ಮಟ್ಟಿಗೆ ಎರಡರಲ್ಲೂ ಅದೇ ನಾಲ್ಕು. ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ, ಐರನ್ ಆಕ್ಸೈಡಿನ ಕೆಂಪು, ಹಳದಿ, ಕಪ್ಪು. ಹೆಚ್ಚುಕಮ್ಮಿ ಎಲ್ಲ ಫೌಂಡೇಶನ್ನೂ ಈ ನಾಲ್ಕರದೇ ಆಟ. ಎಷ್ಟೆಷ್ಟು ಹಾಕಿದ್ದಾರೆ ಅನ್ನುವುದು ಮಾತ್ರ ನಮಗೆ ತಿಳಿಯುವ ಹಾಗಿಲ್ಲ. ಉಳಿದ ಸಾಮಗ್ರಿಯನ್ನಾದರೂ ಜಾಸ್ತಿ ಇರುವುದು ಮೊದಲು ಅನ್ನುವ ಲೆಕ್ಕದಲ್ಲಿ ಬರೆಯುತ್ತಾರೆ, ಬಣ್ಣಗಳನ್ನು ಕೊನೆಯಲ್ಲಿ ಹೇಗೆ ಬೇಕೋ ಹಾಗೆ ಗುಡ್ಡೆ ಹಾಕಬಹುದು. ಹೊಸದರಲ್ಲಿ ಟೈಟಾನಿಯಂಗೆ ಮೇಲಿನ ಸಾಲಿಗೂ ಬಡ್ತಿ ಸಿಕ್ಕಿತ್ತು. ಸನ್‌ಸ್ಕ್ರೀನ್‌ಗಳಲ್ಲಿ ಬಿಸಿಲು ತಡೆಯುವುದಕ್ಕೆ ಹಾಕುವುದೂ ಇದನ್ನೇ. ಬೆಳ್ಳಗಿನ ಚರ್ಮದ ಮೇಲೆ ಅದರ ಬಿಳಿ ಗೊತ್ತಾಗುವುದಿಲ್ಲ, ನಮ್ಮಂಥವರ ಮೇಲೆ ವಿಭೂತಿ.

ಇನ್ನು ಆ 30 ಅನ್ನುವ ನಂಬರಿನ ಕಥೆ. ಲ್ಯಾಬಿನಲ್ಲಿ ಅದನ್ನು ಅಳೆಯುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಆ ಲೆಕ್ಕದಲ್ಲಿ ಮುಖಕ್ಕೆ ದಿನಾ ಒಂದು ಗ್ರಾಂಗಿಂತ ಜಾಸ್ತಿಯೇ ಬಳಿಯಬೇಕು. ತಿಂಗಳು ತುಂಬುವ ಮೊದಲೇ ಬಾಟಲಿ ಖಾಲಿ, ನಾವು ಯಕ್ಷಗಾನದ ಚೌಕಿಯಿಂದ ಎದ್ದು ಬಂದ ಹಾಗೆ.

ಹಳೇದರಲ್ಲಿ ನೀರಿನ ನಂತರದ ಹೆಸರೇ ಸೈಕ್ಲೋಪೆಂಟಾಸಿಲೋಕ್ಸೇನ್. ಹೆಸರು ಹೇಳಿ ಮುಗಿಸುವುದರೊಳಗೆ ಆವಿಯಾಗಿ ಹೋಗುವ ಸಿಲಿಕೋನ್. ಹಳೇದು ನುಣ್ಣಗೆ ಜಾರುತ್ತಿದ್ದುದು ಇದರಿಂದಲೇ. ಹೊಸದರಲ್ಲಿ ಅದು ನಾಪತ್ತೆ. ಇದು ಪರಿಸರದಲ್ಲಿ ಬೇಗ ನಾಶವಾಗದೆ ಉಳಿದುಬಿಡುತ್ತದೆ ಅಂತ ಯುರೋಪಿನವರು ಕಡಿವಾಣ ಹಾಕುತ್ತಿದ್ದಾರೆ. ಹಚ್ಚಿ ತೊಳೆದುಕೊಳ್ಳುವ ಸಾಮಾನಿಗೆ 2020ರಿಂದಲೇ ಮಿತಿ ಇದೆ, ಹಚ್ಚಿಕೊಂಡು ಹಾಗೇ ಬಿಡುವಂಥದಕ್ಕೆ 2027ರ ಜೂನ್ ಗಡುವು. ನನ್ನ ಬಾಟಲಿಯಿಂದ ಹೋಗಿದ್ದೂ ಇದೇ ಕಾರಣಕ್ಕೋ ಏನೋ. ಮೀನುಗಳ ಒಳ್ಳೇದಕ್ಕೆ ಬದಲಾಯಿಸಿದ್ದೇವೆ ಅಂತ ಹೇಳಿದ್ದರೆ ನಾನೂ ಒಪ್ಪಿಕೊಳ್ಳುತ್ತಿದ್ದೆ. ನನ್ನ ಒಳ್ಳೇದಕ್ಕೆ ಅಂತ ಯಾಕೆ ಹೇಳಬೇಕು? ಕಸ್ಟಮರ್ ಕೇರ್‌ಗೆ ಬರೆದರೆ, ಶೇಡ್‌ನಲ್ಲಿ ಯಾವುದೇ ಬದಲಾವಣೆ ಇಲ್ಲ ಅಂತ ಉತ್ತರ ಬಂತು. ಜೊತೆಗೆ ಅದೇ ಫೌಂಡೇಶನ್ ಮೇಲೆ ಶೇಕಡಾ ಹತ್ತು ರಿಯಾಯಿತಿಯ ಕೂಪನ್.

ನಗು ಬರುತ್ತದೆ, ಆದರೆ ಎಲ್ಲೋ ಬೇಜಾರೂ ಇದೆ. ನಾನು ಎಣ್ಣೆಗೆಂಪು. ಕಾಲೇಜಿನ ದಿನಗಳಲ್ಲಿ ಕೌಂಟರಿಗೆ ಹೋದರೆ ಐವರಿ, ಬೇಜ್, ಸ್ಯಾಂಡ್ ಅಂತ ಮೂರು ಬಾಟಲಿ ಸಾಲಾಗಿ ಇಡುತ್ತಿದ್ದರು. ಮೂರೂ ನನಗಿಂತ ಬಿಳಿ. ಕೇಳಿದರೆ, ‘ಸ್ವಲ್ಪ ಬ್ರೈಟ್ ಆಗಿ ಕಾಣ್ಲಿ ಬಿಡಿ’ ಅನ್ನುತ್ತಿದ್ದರು, ಏನೋ ಉಪಕಾರ ಮಾಡಿದವರ ಹಾಗೆ. ನನ್ನ ಮದುವೆಯ ಆಲ್ಬಂ ತೆಗೆದು ನೋಡಿದರೆ ಮುಖ ಫ್ಲ್ಯಾಶಿಗೆ ಹೊಳೆಯುತ್ತಿದೆ, ತಾಳಿ ಕಟ್ಟಿಸಿಕೊಳ್ಳುತ್ತಿರುವ ಕತ್ತು ನನ್ನದು. 2017ರಲ್ಲಿ ಗಾಯಕಿ ರಿಹಾನಾ 40 ಶೇಡ್‌ಗಳ ಫೌಂಡೇಶನ್ ತಂದ ಮೇಲೆ ಬೇರೆಯವರಿಗೂ ಒಂಚೂರು ಬುದ್ಧಿ ಬಂತು. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ನನ್ನ ಹಳೇ ಫೌಂಡೇಶನ್ ಸಿಕ್ಕಿದ್ದೂ ಆ ವರ್ಷದ ಆಸುಪಾಸಿನಲ್ಲೇ. ಹಚ್ಚಿಕೊಂಡು ಅಮ್ಮನ ಮುಂದೆ ನಿಂತರೆ, ‘ಇವತ್ತು ಏನೂ ಹಚ್ಕೊಂಡಿಲ್ವಾ?’ ಅಂತ ಕೇಳಿದ್ದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಯಾವ ಫೌಂಡೇಶನ್ನಿಗೂ ಸಿಕ್ಕಿರಲಾರದು. ಹೊಸ ಡಬ್ಬದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನಿದೆ ಗೊತ್ತಾ? ‘ಬ್ರೈಟನಿಂಗ್’. ತಿರುಗಿ ಅದೇ ಕೌಂಟರಿಗೇ ಬಂದು ನಿಂತಂತಾಯಿತು.

ಅಂದಹಾಗೆ ಕಾಮಾಲೆಯ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆಂಟಿಯ ಹತ್ತಿರ ನಮ್ಮತ್ತೆಯ ನಂಬರ್ ಇದೆ. ಸಂಜೆಯೊಳಗೆ ತುಮಕೂರಿನಿಂದ ಫೋನ್ ಬಂತು, ‘ಹಟ ಮಾಡ್ಬೇಡಮ್ಮ, ಒಂದು ಸಲ ತೋರಿಸ್ಬಿಡು’ ಅಂತ. ಶನಿವಾರ ಬರೀ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬಂದೆ. ಲಿವರ್ ಸರಿಯಾಗಿದೆ. ಹಿಮೋಗ್ಲೋಬಿನ್ 13.1. ರಿಪೋರ್ಟ್ ಪ್ರಿಂಟ್ ತೆಗೆಸಿಕೊಂಡು, ಮುಖಕ್ಕೆ ಏನೂ ಹಚ್ಚದೆ, ನೇರ ಆಂಟಿಯ ಮನೆಗೆ ಹೋಗಿ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು.

‘ರಕ್ತ ಯಾವ ಕೈಯಿಂದ ತಗೊಂಡ್ರು?’

‘ಎಡಗೈಯಿಂದ ಆಂಟಿ.’

‘ಮತ್ತೆ! ನಿಂಗೆ ಕಮ್ಮಿ ಇರೋದು ಬಲಗಡೆ ಅಲ್ವಾ?’