ಚೆನ್ನೈನ ಮಳೆಕೊಯ್ಲು ಬೆಂಗಳೂರಿಗೆ ಹಾಗೇ ಒಗ್ಗುವುದಿಲ್ಲ

ತಮಿಳುನಾಡು ಮನೆಮನೆಗೂ ಮಳೆಕೊಯ್ಲು ಕಡ್ಡಾಯ ಮಾಡಿದ್ದು 2003ರಲ್ಲಿ. ಬೆಂಗಳೂರಿಗೆ ಅಂಥ ಕಾನೂನು ಬಂದಿದ್ದು 2009ರಲ್ಲಿ. ಚೆನ್ನೈಯನ್ನು ನೋಡಿ ಕಲಿಯಿರಿ ಎಂದು ಬೆಂಗಳೂರಿನವರಿಗೆ ಹೇಳುವುದು ಇಲ್ಲಿ ಚೆನ್ನೈನಲ್ಲಿರುವ ನಮ್ಮಂಥವರಿಗೆ ಸುಲಭ. ಆದರೆ ಇಲ್ಲಿ ಮಾಡಿದ್ದನ್ನೇ ಅಲ್ಲಿ ಮಾಡಿದರೆ ಕೈಗೆ ಬರಬೇಕಾದ ನೀರು ತಪ್ಪಿಹೋಗುತ್ತದೆ.

ಚೆನ್ನೈಗೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅದೂ ಕೆಲವೇ ದಿನ ಸುರಿದು ಹೋಗುತ್ತದೆ. ಎಷ್ಟು ದೊಡ್ಡ ಸಂಪು ಕಟ್ಟಿದರೂ ಒಂದೇ ರಾತ್ರಿಯಲ್ಲಿ ತುಂಬಿ ಹರಿಯುತ್ತದೆ. ಹಾಗಾಗಿ ಕಡಲತೀರದ ಮರಳು ನೆಲಕ್ಕೆ, ತೆರೆದ ಬಾವಿಗೆ ನೀರು ಇಂಗಿಸುವುದೇ ಇಲ್ಲಿ ಸರಿ. ಉಪ್ಪುನೀರು ಒಳನುಗ್ಗದಂತೆ ಅದು ತಡೆಯುತ್ತದೆ ಕೂಡ. ಬೆಂಗಳೂರಿನ ಮಳೆ ಹಾಗಲ್ಲ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುತ್ತದೆ. ಅಲ್ಲಿ ಸಣ್ಣ ಸಂಪೂ ಮತ್ತೆ ಮತ್ತೆ ತುಂಬುತ್ತದೆ. ಮೊದಲು ಸಂಪಿಗೆ, ಮಿಕ್ಕಿದ್ದು ನೆಲಕ್ಕೆ ಎನ್ನುವುದು ಅಲ್ಲಿನ ಕ್ರಮವಾಗಬೇಕು.

ಲೆಕ್ಕ ಸರಳ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ತಾರಸಿಗೆ 20 ಮಿ.ಮೀ. ಬಂದರೆ 2,000 ಲೀಟರ್. ಸೋರಿಕೆ, ತಾರಸಿ ತೊಳೆದು ಹೋಗುವ ಮೊದಲ ನೀರು ಕಳೆದು 1,600 ಲೀಟರ್ ಕೈಗೆ ಸಿಗುತ್ತದೆ. ದಿನಕ್ಕೆ 400 ಲೀಟರ್ ಬಳಸುವ ನಾಲ್ವರ ಮನೆಗೆ ಅದು ನಾಲ್ಕು ದಿನದ ನೀರು. ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತರುವ ಕಾವೇರಿ ನೀರು ಅಷ್ಟು ಉಳಿಯಿತು.

ಹೆಚ್ಚಿನ ಕಡೆ ಕೆಡುವುದು ಮೊದಲ ಮಳೆಯ ತೊಳೆತದಲ್ಲಿ. ಧೂಳು, ಹಕ್ಕಿಯ ಹಿಕ್ಕೆ, ಒಣ ಎಲೆ ಎಲ್ಲ ಸೇರಿ ಇಳಿಯುವ ಮೊದಲ ಒಂದು ಮಿ.ಮೀ. ನೀರನ್ನು ಬೇರೆ ಮಾಡಬೇಕು. ಮೇಲೆ ಹೇಳಿದ ತಾರಸಿಗೆ ಅದು 100 ಲೀಟರ್. ಗೋಡೆಗೆ ಒಂದು ತುಂಡು 110 ಮಿ.ಮೀ. ಪೈಪು ನಿಲ್ಲಿಸಿ ಕೆಳಗೆ ಮುಚ್ಚಳ ಹಾಕಿಬಿಡುತ್ತಾರೆ. ಅದು ಮೀಟರಿಗೆ ಒಂಬತ್ತು ಲೀಟರ್ ಹಿಡಿದರೆ ಹೆಚ್ಚು. ಉಳಿದ ಕೊಳೆಯೆಲ್ಲ ಸಂಪಿಗೇ. 100 ಲೀಟರ್ ಡ್ರಮ್ ಇಟ್ಟು ಅದರ ತಳದ ನಲ್ಲಿಯನ್ನು ತೊಟ್ಟಿಕ್ಕುವಷ್ಟು ತೆರೆದಿಡಿ. ಪೂರ್ತಿ ಮುಚ್ಚಿದರೆ ಹಳೆಯ ನೀರು ಅಲ್ಲೇ ನಿಲ್ಲುತ್ತದೆ, ಮುಂದಿನ ಮಳೆಯ ಕೊಳೆಗೆ ಜಾಗವೇ ಇರುವುದಿಲ್ಲ.

ಆಮೇಲೆ ಜಲ್ಲಿ, ಇದ್ದಿಲು, ಮರಳಿನ ಫಿಲ್ಟರ್. ಮರಳಿನ ಮೇಲೆ ಸಣ್ಣ ಮಣ್ಣು ಹೆಪ್ಪುಗಟ್ಟಿ ನೀರು ಇಳಿಯದಾದಾಗ ಮೇಲಿನ ನಾಲ್ಕು ಬೆರಳು ಮರಳನ್ನು ಕೆರೆದು ತೆಗೆದು ತೊಳೆದು ಹಾಕಿದರೆ ಸಾಕು. ಸಂಪು ತುಂಬಿ ಹೊರಬರುವ ನೀರಿಗೆ ಮೂರಡಿ ಅಗಲ, ಇಪ್ಪತ್ತಡಿ ಆಳದ ರಿಂಗ್ ಬಾವಿ ಒಳ್ಳೆಯದು. ಸೋಸದ ನೀರನ್ನು ನೇರ ಕೊಳವೆಬಾವಿಗೆ ಬಿಡುವುದು ಮಾತ್ರ ಬೇಡವೇ ಬೇಡ. ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿಮಾಡುವುದು ಬಹಳ ಕಷ್ಟ.

ಹಾಗಾದರೆ ಚೆನ್ನೈನಿಂದ ಕಲಿಯುವುದು ಏನೂ ಇಲ್ಲವೇ? ಇದೆ: ಕುಡಿಯುವ ನೀರನ್ನು ಬೇರೆಯಾಗಿ ಇಡುವುದು. ಮಳೆಕೊಯ್ಲು ಕಡ್ಡಾಯವಾಗಿ ಹದಿನಾರು ವರ್ಷವಾಗಿದ್ದರೂ, ಹಿಂದಿನ ವರ್ಷದ ಹಿಂಗಾರು ಕೈಕೊಟ್ಟಿದ್ದರಿಂದ 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಜಲಾಶಯಗಳು ನಾಲ್ಕೂ ಬರಿದಾದವು. ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಇಲ್ಲಿನ ಎಷ್ಟೋ ಮನೆಗಳು ಒಳ್ಳೆಯ ನೀರು, ಸವುಳು ನೀರು ಎಂದು ಎರಡು ಲೈನ್ ಇಟ್ಟುಕೊಂಡಿರುವುದು ಅಂಥ ದಿನಗಳಲ್ಲಿ ಕೈಹಿಡಿಯುತ್ತದೆ. ಬೆಂಗಳೂರಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರನ್ನೂ ಒಂದೇ ಸಂಪಿಗೆ ಬಿಟ್ಟು, ಕುಡಿಯುವ ನೀರನ್ನೇ ಕಕ್ಕಸಿಗೂ ಸುರಿಯುವ ಮನೆಗಳಿವೆ.

ನಾಲ್ವರ ಕುಡಿಯುವ, ಅಡುಗೆಯ ನೀರಿಗೆ ದಿನಕ್ಕೆ 25 ಲೀಟರ್ ಹಿಡಿಯಿರಿ. ಬೆಳಕು ಹೋಗದ, ಬಾಯಿಗೆ ಸೊಳ್ಳೆಪರದೆ ಬಿಗಿದ 2,000 ಲೀಟರ್ ಟ್ಯಾಂಕ್ ಒಂದನ್ನು ಅಕ್ಟೋಬರ್ ಕೊನೆಯ ಮಳೆಗೆ ತುಂಬಿಸಿಟ್ಟರೆ ಅದು 80 ದಿನದ ನೀರು. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ತಿಳಿಯನ್ನು ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಬಿಡಿ. ಕುಡಿಯುವುದನ್ನು ಕುದಿಸಿ. ಜನವರಿಯವರೆಗೆ ಅದನ್ನು ಮುಟ್ಟದೆ ಕಾದರೆ, ಊರಿಡೀ ಟ್ಯಾಂಕರಿಗೆ ಫೋನ್ ಮಾಡುವ ಮಾರ್ಚ್‌ನಲ್ಲೂ ಮಕ್ಕಳ ಲೋಟಕ್ಕೆ ನೀರಿರುತ್ತದೆ.